ಹತ್ತು ಲಕ್ಷದಲ್ಲಿ ಒಂದು ಪಾಲು

(ಹಿರೇಹಂದಿಗೋಳದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಗದಗ ತಾಲ್ಲೂಕಿನ ಒಂದು ಎಕರೆ ಎರೆಹೊಲದಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣನ್ನಷ್ಟೇ ಕೆರೆದು ತೂಗಿದರೆ ಎಂಟರಿಂದ ಒಂಬತ್ತು ಲಕ್ಷ ಕಿಲೋ ಆಗುತ್ತದೆ. ಮಣ್ಣು ಪರೀಕ್ಷೆಗೆಂದು ರೈತ ಚೀಲದಲ್ಲಿ ಕಟ್ಟಿಕೊಂಡು ಹೋಗುವುದು ಅರ್ಧ ಕಿಲೋ. ಅದರಲ್ಲಿ ಸಾವಯವ ಇಂಗಾಲ ಅಳೆಯಲು ಪ್ರಯೋಗಾಲಯದವರು ತಕ್ಕಡಿಗೆ ಹಾಕುವುದು ಬರೇ ಒಂದು ಗ್ರಾಂ. ಚಮಚದ ತುದಿಯಲ್ಲಿ ಕೂರುವ ಆ ಮಣ್ಣು ಇಡೀ ಎಕರೆಯ ಪರವಾಗಿ ಸಾಕ್ಷಿ ನುಡಿಯಬೇಕು. ಸಾಕ್ಷಿ ಕೆಟ್ಟರೆ ತೀರ್ಪು ಕೆಡುತ್ತದೆ, ತೀರ್ಪು ಕೆಟ್ಟರೆ ಗೊಬ್ಬರದ ದುಡ್ಡು ಮಣ್ಣುಪಾಲು.

ಪ್ರಯೋಗಾಲಯ ಅಂದಕೂಡಲೇ ಕಣ್ಣಿಗೆ ಕಟ್ಟುವುದು ಗಾಜಿನ ನಳಿಕೆ, ಬಿಳಿ ಕೋಟು, ಬರ್ನರಿನ ನೀಲಿ ಉರಿ, ಮೂಗಿಗೆ ಅಡರುವ ಆಮ್ಲದ ವಾಸನೆ. ಇವೆಲ್ಲ ಇದ್ದೂ ಪ್ರಯೋಗಾಲಯ ಅನ್ನಿಸಿಕೊಳ್ಳದ ಕೋಣೆಗಳು ನಾಡಿನಲ್ಲಿ ಬೇಕಾದಷ್ಟಿವೆ. ಇವು ಒಂದೂ ಇಲ್ಲದೆ ಪ್ರಯೋಗಾಲಯವಾದ ಜಾಗಗಳೂ ಇವೆ: ಬಂಗಾರದ ಗಣಿಯ ತಳ, ತಗಡಿನ ಶೆಡ್ಡು, ಹತ್ತಿಯ ಹೊಲ. ಹಾಗಾದರೆ ಒಂದು ಜಾಗವನ್ನು ಪ್ರಯೋಗಾಲಯ ಮಾಡುವುದು ಯಾವುದು? ಅಲ್ಲಿ ಪ್ರಶ್ನೆ ಒಂದೇ ಇರಬೇಕು, ಉಳಿದದ್ದೆಲ್ಲ ಅಲುಗದೆ ನಿಲ್ಲಬೇಕು. ಸಿಕ್ಕ ಉತ್ತರವನ್ನು ತಾಳೆ ನೋಡಲು ಗೊತ್ತಿರುವ ಒಂದು ಅಳತೆ ಪಕ್ಕದಲ್ಲಿರಬೇಕು. ಇವತ್ತು ಇವರು ಮಾಡಿದ್ದನ್ನು ನಾಳೆ ಬೇರೆಯವರು ಮಾಡಿದರೂ ಅದೇ ಉತ್ತರ ಬರುವಂತೆ ಬರೆದಿಡಬೇಕು. ಗೋಡೆ, ಗಾಜು, ಯಂತ್ರ ಎಲ್ಲ ಆಮೇಲಿನ ಮಾತು.

ಈ ಲೆಕ್ಕದಲ್ಲಿ ಪೇಟೆಯ ಪತ್ತಾರನ ಅಂಗಡಿಯೂ ಅರ್ಧ ಪ್ರಯೋಗಾಲಯವೇ. ಒರೆಗಲ್ಲಿನ ಮೇಲೆ ಒಡವೆಯನ್ನು ಉಜ್ಜಿ, ಪಕ್ಕದಲ್ಲಿ ಮಚ್ಚ ಗೊತ್ತಿರುವ ಬಂಗಾರದ ಗೆರೆ ಎಳೆದು, ಎರಡರ ಮೇಲೂ ಆಮ್ಲದ ಹನಿ ಬಿಟ್ಟು ಯಾವ ಗೆರೆ ಎಷ್ಟು ಮಾಸಿತು ಎಂದು ಆತ ನೋಡುತ್ತಾನೆ. ತಾಳೆ ನೋಡುವ ಅಳತೆ ಅಲ್ಲಿದೆ, ಕಣ್ಣಿನ ಪಳಗಿಕೆಯೂ ಇದೆ. ಇಲ್ಲದ್ದು ಬರೆದಿಡುವ ಅಂಕಿ. ಪತ್ತಾರನ ಮಾತೇ ದಾಖಲೆ. 2021ರ ಜೂನಿನಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಈ ಕೊರತೆಯನ್ನು ತುಂಬಿತು. 22 ಕ್ಯಾರೆಟ್ ಒಡವೆಯ ಮೇಲಿನ 916 ಎಂಬ ಗುರುತು, ಸಾವಿರ ಪಾಲಿನಲ್ಲಿ 916 ಪಾಲು ಬಂಗಾರ ಎಂದು ಬೇರೊಬ್ಬರು ಅಳೆದು ಕೊಟ್ಟ ಮಾತು. ಮಾರುವವನೇ ಅಳೆಯುವವನಾದಾಗ ಕೊಳ್ಳುವವನ ಮನಸ್ಸಿನಲ್ಲಿ ಉಳಿಯುವ ಅನುಮಾನಕ್ಕೆ ಔಷಧ ಮೂರನೆಯವರ ಪ್ರಯೋಗಾಲಯ.

ಬಂಗಾರದ ಮಾತು ಗದಗ ಸೀಮೆಗೆ ಹೊಸದಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಹಳೆಯ ಕಾಲದ ಗಣಿ ಗುಂಡಿಗಳಿವೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಕಂಪನಿಗಳೂ ಅಲ್ಲಿ ಅಗೆದು ನೋಡಿದವು. ಗುಡ್ಡದ ಕಲ್ಲಿನಲ್ಲಿ ಬಂಗಾರ ಕಣ್ಣಿಗೆ ಕಾಣುವುದು ಅಪರೂಪ. ಕಲ್ಲನ್ನು ಹಿಟ್ಟು ಮಾಡಿ, ಸೀಸದ ಜೊತೆ ಕುಲುಮೆಯಲ್ಲಿ ಕರಗಿಸಿ, ಸೀಸದ ಗುಂಡನ್ನು ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿ ಕಾಯಿಸಿದರೆ ಬಟ್ಟಲು ಸೀಸವನ್ನು ಹೀರಿಕೊಳ್ಳುತ್ತದೆ, ಬಂಗಾರ ಬೆಳ್ಳಿಯ ಮಣಿ ಉಳಿಯುತ್ತದೆ. ಆ ಮಣಿಯಿಂದ ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ಕಳೆದು, ಉಳಿದದ್ದನ್ನು ತೂಗುತ್ತಾರೆ. ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಬಂಗಾರ ಎಂಬ ಲೆಕ್ಕ ಹೀಗೆ ಬರುತ್ತದೆ. ಟನ್ನಿಗೆ ಒಂದು ಗ್ರಾಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು.

ಇದೇ ಪ್ರಮಾಣ ಇದೇ ಜಿಲ್ಲೆಯ ಇನ್ನೆರಡು ಕಡೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಅದೂ ಹತ್ತು ಲಕ್ಷದಲ್ಲಿ ಒಂದು ಪಾಲು. ಎರೆಮಣ್ಣಿನಲ್ಲಿ ಬೆಳೆಗೆ ದಕ್ಕುವ ಸತು ಹತ್ತು ಲಕ್ಷದಲ್ಲಿ 0.6 ಪಾಲಿಗಿಂತ ಕೆಳಗಿಳಿದರೆ ಕೊರತೆ ಎಂದು ಲೆಕ್ಕ. ಬಂಗಾರ ಸಿಕ್ಕರೆ ಲಾಭ, ಫ್ಲೋರೈಡ್ ಸಿಕ್ಕರೆ ಕೇಡು, ಸತು ಸಿಗದಿದ್ದರೆ ಕೇಡು. ಮೂರನ್ನೂ ಕಣ್ಣು ಕಾಣದು, ನಾಲಿಗೆ ಅರಿಯದು. ಮನುಷ್ಯನಿಗೆ ಪ್ರಯೋಗಾಲಯ ಬೇಕಾದದ್ದೇ ಇಂಥ ಕಡೆ. ಉಪ್ಪು ಹೆಚ್ಚಾದ ಸಾರಿಗೆ ಲ್ಯಾಬು ಬೇಡ.

ಮಣ್ಣಿನ ಕತೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಈ ಊರುಗಳ ಬದುಕು ನಿಂತಿರುವುದೇ ಅದರ ಮೇಲೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಇಳಿಯುವಷ್ಟು ಬಿರಿಯುತ್ತದೆ. ಹಿಂಗಾರಿನ ಕಡಲೆ, ಬಿಳಿಜೋಳ, ಕುಸುಬಿಗಳು ಒಂದೆರಡು ಮಳೆಯ ಹಸಿಯಲ್ಲೇ ದಡ ಸೇರುವುದು ಈ ಮಣ್ಣಿನ ನೀರು ಹಿಡಿಯುವ ಶಕ್ತಿಯಿಂದ. ಆದರೆ ಇದರ ಹೊಟ್ಟೆಯಲ್ಲಿ ಸುಣ್ಣ ಜಾಸ್ತಿ. ಹೊಲದಲ್ಲಿ ಸಿಗುವ ಬಿಳಿ ಹರಳುಗಳೇ ಅದಕ್ಕೆ ಗುರುತು. ಸುಣ್ಣ ಹೆಚ್ಚಿದ್ದಲ್ಲಿ ಸತುವೂ ಕಬ್ಬಿಣವೂ ಮಣ್ಣಿನಲ್ಲಿ ಇದ್ದರೂ ಬೇರಿಗೆ ಎಟುಕದೆ ಕೂರುತ್ತವೆ. ಆದ್ದರಿಂದ ಮಣ್ಣಿನಲ್ಲಿ ಒಟ್ಟು ಸತು ಎಷ್ಟಿದೆ ಎಂದು ಕೇಳಿದರೆ ಪ್ರಯೋಜನವಿಲ್ಲ, ಬೆಳೆಗೆ ದಕ್ಕುವುದು ಎಷ್ಟು ಎಂದೇ ಕೇಳಬೇಕು. ಅಮೆರಿಕದ ಕೊಲೊರಾಡೊದಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ಎಂಬ ಇಬ್ಬರು ಸುಣ್ಣದ ಮಣ್ಣಿಗೆಂದೇ ಅಂಥ ಪರೀಕ್ಷೆಯನ್ನು ರೂಪಿಸಿ 1978ರಲ್ಲಿ ಪ್ರಕಟಿಸಿದರು. 10 ಗ್ರಾಂ ಮಣ್ಣಿಗೆ ಡಿಟಿಪಿಎ ಎಂಬ ದ್ರಾವಣ 20 ಮಿಲಿಲೀಟರ್ ಹಾಕಿ ಎರಡು ತಾಸು ಅಲ್ಲಾಡಿಸುವುದು, ಸೋಸುವುದು, ತಿಳಿಯನ್ನು ಯಂತ್ರಕ್ಕೆ ಕೊಡುವುದು. ದ್ರಾವಣ ಇಲ್ಲಿ ಬೇರಿನ ಪಾತ್ರ ವಹಿಸುತ್ತದೆ ಅನ್ನಬಹುದು. ಸಾರಜನಕ ಅಳೆಯುವ ವಿಧಾನ ನಮ್ಮ ದೇಶದ್ದೇ. ಸುಬ್ಬಯ್ಯ ಮತ್ತು ಆಸಿಜಾ ಅದನ್ನು 1956ರಲ್ಲಿ ಪ್ರಕಟಿಸಿದ್ದು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಇವತ್ತಿಗೂ ಭಾರತದ ಮಣ್ಣು ಪರೀಕ್ಷಾಲಯಗಳಲ್ಲಿ ನಡೆಯುವುದು ಅದೇ.

ಸಾವಯವ ಇಂಗಾಲದ ಪರೀಕ್ಷೆಯನ್ನು ಒಮ್ಮೆಯಾದರೂ ಎದುರು ನಿಂತು ನೋಡಬೇಕು. ಆ ಒಂದು ಗ್ರಾಂ ಮಣ್ಣಿಗೆ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ, ಮೇಲೆ ಗಂಧಕಾಮ್ಲ. ಬೆಂಕಿ ಇಲ್ಲದೆಯೇ ಸೀಸೆ ಬಿಸಿಯೇರುತ್ತದೆ. ಅರ್ಧ ತಾಸು ಬಿಟ್ಟು, ನೀರು ಬೆರೆಸಿ, ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಕೊನೆಗೆ ಒಂದೇ ಒಂದು ಹನಿಗೆ ನೀಲಿ ಹೋಗಿ ಹಸಿರು ಬರುತ್ತದೆ. ಎಷ್ಟು ಹನಿ ಹಿಡಿಯಿತೋ ಅದರ ಮೇಲೆ ಲೆಕ್ಕ: ಶೇ 0.5ಕ್ಕಿಂತ ಕಡಿಮೆ ಬಂದರೆ ಮಣ್ಣು ಬಡವಾಗಿದೆ, 0.75 ದಾಟಿದರೆ ಚೆನ್ನಾಗಿದೆ. ತಿಪ್ಪೆಗೊಬ್ಬರ ಕಾಣದ ಹೊಲಕ್ಕೂ ವರ್ಷ ಬಿಟ್ಟು ವರ್ಷ ಗಾಡಿ ಹೊಡೆದ ಹೊಲಕ್ಕೂ ಇರುವ ಅಂತರ ಆ ಹನಿಗಳಲ್ಲಿ ಬಯಲಾಗುತ್ತದೆ.

2009ರಲ್ಲಿ ಕರ್ನಾಟಕ ಸರ್ಕಾರ ಮತ್ತು ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಸೇರಿ ಆರಂಭಿಸಿದ ಭೂಚೇತನ ಕಾರ್ಯಕ್ರಮದಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳ ಮಣ್ಣನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಕೊರತೆ ಬರೇ ಸಾರಜನಕ, ರಂಜಕಗಳದ್ದಲ್ಲ, ಗಂಧಕ, ಸತು, ಬೋರಾನುಗಳದ್ದೂ ಹೌದು ಎಂಬುದು ಜಿಲ್ಲೆ ಜಿಲ್ಲೆಯಲ್ಲೂ ಹೊರಬಿತ್ತು. ಡಿಎಪಿ ಮತ್ತು ಯೂರಿಯಾ ಎರಡೇ ಗೊಬ್ಬರ ಎಂದು ನಂಬಿದ್ದ ಕಾಲಕ್ಕೆ ಇದು ದೊಡ್ಡ ಸುದ್ದಿ. 2015ರಲ್ಲಿ ಬಂದ ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಎಷ್ಟೋ ಮನೆಗಳಲ್ಲಿ ಈ ಚೀಟಿ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಭದ್ರವಾಗಿದೆ, ಗೊಬ್ಬರದಂಗಡಿಗೆ ಮಾತ್ರ ಹೋಗಿಲ್ಲ.

ಚೀಟಿಯ ಅಂಕಿ ತಪ್ಪಾಗಿದ್ದರೆ, ಆ ತಪ್ಪು ಬಹಳ ಸಲ ಲ್ಯಾಬಿನದ್ದಲ್ಲ, ಮಣ್ಣು ತೆಗೆದ ರೀತಿಯದ್ದು. ಬದುವಿನ ಪಕ್ಕದ ಮಣ್ಣು, ಬೇವಿನ ಮರದಡಿಯ ಮಣ್ಣು, ತಿಪ್ಪೆ ಸುರಿದ ಜಾಗದ ಮಣ್ಣು, ಇವು ಹೊಲದ ಮಣ್ಣಲ್ಲ. ಹೊಲದುದ್ದಕ್ಕೂ ಹಾವು ಹರಿದಂತೆ ನಡೆದು, ಹತ್ತು ಹದಿನೈದು ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಆಕಾರಕ್ಕೆ ಒಂದು ಗೇಣು ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆತ್ತಬೇಕು. ಎಲ್ಲವನ್ನೂ ತಾಡಪತ್ರಿಯ ಮೇಲೆ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಅರ್ಧ ಕಿಲೋ ಉಳಿಯುವವರೆಗೂ ಹಾಗೆಯೇ ಮಾಡಬೇಕು. ಸತು ಅಳೆಯಬೇಕಾದ ಮಣ್ಣನ್ನು ತಗಡಿನ ಬುಟ್ಟಿಯಲ್ಲಿ ಹಿಡಿಯಬಾರದು, ತಗಡಿಗೆ ಬಳಿದಿರುವುದೇ ಸತು. ಗೊಬ್ಬರದ ಖಾಲಿ ಚೀಲದಲ್ಲಿ ತುಂಬಿ ತಂದರೆ ಅಳೆಯುವುದು ಹೊಲವನ್ನಲ್ಲ, ಚೀಲವನ್ನು. ಲಕ್ಷಾಂತರ ರೂಪಾಯಿಯ ಯಂತ್ರಕ್ಕೆ ಈ ಒಂದು ತಪ್ಪನ್ನು ತಿದ್ದುವ ಶಕ್ತಿ ಇಲ್ಲ. ಪ್ರಯೋಗಾಲಯದ ಬಾಗಿಲು ಹೊಲದಲ್ಲಿದೆ ಅನ್ನುವುದು ಈ ಕಾರಣಕ್ಕೆ.

ಕಣ್ಣಿಗೆ ಕಾಣದ ಕೇಡು ನೀರಿನಲ್ಲೂ ಇದೆ. ಗದಗ ಜಿಲ್ಲೆಯ ಕೆಲವು ಭಾಗಗಳಲ್ಲಿ, ಮುಂಡರಗಿ ಕಡೆ ವಿಶೇಷವಾಗಿ, ಬೋರಿನ ನೀರಿಗೆ ಫ್ಲೋರೈಡ್ ಬಾಧೆ ಇದೆ. ತಪ್ಪಿತಸ್ಥ ಕಾರ್ಖಾನೆಯಲ್ಲ, ನೆಲದಡಿಯ ಬಂಡೆ. ಬಾವಿ ಬತ್ತಿ ಬೋರು ಆಳಕ್ಕೆ ಇಳಿದಷ್ಟೂ ನೀರು ಬಂಡೆಯ ಸಹವಾಸದಲ್ಲಿ ಹೆಚ್ಚು ಕಾಲ ಕಳೆದಿರುತ್ತದೆ. ಭಾರತದಲ್ಲಿ ಫ್ಲೋರೈಡಿನಿಂದ ಬರುವ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಹಲ್ಲಿನ ಮೇಲೆ ಕಂದು ಗೆರೆ ಮೊದಲು, ಬೆನ್ನು ಮೊಣಕಾಲು ಬಿಗಿಯುವುದು ಆಮೇಲೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲವೇ ಇಲ್ಲ ಎಂದಾಗ 1.5 ಕಡೆಯ ಗೆರೆ. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ತಿರುಗುಬಾಣ: ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಇದ್ದಷ್ಟೇ ಇರುತ್ತದೆ. ಕುದಿಸಿದರೆ ಸಾಯುವುದು ರೋಗಾಣು, ಖನಿಜವಲ್ಲ.

2019ರಲ್ಲಿ ಶುರುವಾದ ಜಲ ಜೀವನ ಮಿಷನ್, ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕು ಎಂದು ಹೇಳಿತು. ಈ ಯೋಜನೆಯ ಕೊಳಾಯಿ ಲೆಕ್ಕ ಪತ್ರಿಕೆಗಳಲ್ಲಿ ಬಂದಷ್ಟು ಈ ಮಾತು ಬರಲಿಲ್ಲ. ಅದರಲ್ಲಿ ಬಹುಕಾಲ ಬಾಳಬಹುದಾದ ಭಾಗ ಮಾತ್ರ ಇದೇ. ಫ್ಲೋರೈಡ್ ಪತ್ತೆಗೆ ಬಳಸುವ ಒಂದು ಹಳೆಯ ವಿಧಾನದಲ್ಲಿ ಅಲಿಜರಿನ್ ಮತ್ತು ಜಿರ್ಕೋನಿಯಂ ಸೇರಿ ಕೆಂಪು ಬಣ್ಣ ಕೊಡುತ್ತವೆ. ಫ್ಲೋರೈಡ್ ಬಂದು ಜಿರ್ಕೋನಿಯಮ್ಮನ್ನು ಕಸಿದುಕೊಂಡರೆ ಕೆಂಪು ಇಳಿದು ಹಳದಿ ತೋರುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿದರೆ ಅಂದಾಜು ಸಿಕ್ಕಿತು. ನೀರಿಗೆ ಹೊಲಸು ಸೇರಿದೆಯೇ ಎಂದು ನೋಡುವ ಸೀಸೆ ಇನ್ನೂ ಸರಳ. ಅದನ್ನು 1982ರಲ್ಲಿ ಲೋಕಕ್ಕೆ ಕೊಟ್ಟವರು ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಾಂಜಾ ಮತ್ತು ಸಂಗಡಿಗರು. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟು ಒಂದೆರಡು ದಿನ ಕಾದರೆ, ಕೆಟ್ಟ ನೀರು ಕಪ್ಪಾಗುತ್ತದೆ. ಓದು ಬರಹ ಬಾರದವರಿಗೂ ತಿಳಿಯುವ ವರದಿ ಅದು. ಕಿಟ್ ಹೇಳುವುದು ಅನುಮಾನದ ಮಟ್ಟದವರೆಗೆ ಮಾತ್ರ. ಅನುಮಾನ ಬಂದ ನೀರು ಜಿಲ್ಲೆಯ ಪ್ರಯೋಗಾಲಯಕ್ಕೆ ಹೋಗಬೇಕು.

ಇಷ್ಟು ಹೊತ್ತು ಹೇಳಿದ್ದು ಗೊತ್ತಿರುವ ಪ್ರಶ್ನೆಗೆ ಉತ್ತರ ಕೊಡುವ ಪ್ರಯೋಗಾಲಯಗಳ ಮಾತು. ಪ್ರಶ್ನೆಯೇ ಹೊಸದಾಗಿರುವ ಪ್ರಯೋಗಾಲಯ ಬೇರೆ ಜಾತಿಯದು. ಅದಕ್ಕೆ ಧಾರವಾಡವನ್ನೇ ನೋಡಬಹುದು. ಅಲ್ಲಿ ಬಿ.ಎಚ್. ಕಟರ್ಕಿ ಹತ್ತಿಯ ಎರಡು ಬೇರೆ ಜಾತಿಗಳನ್ನು ಕೂಡಿಸಿ 1972ರಲ್ಲಿ 'ವರಲಕ್ಷ್ಮಿ' ಎಂಬ ಸಂಕರ ತಳಿ ತಂದರು. ಒಂದು ಜಾತಿಯಿಂದ ಇಳುವರಿ, ಇನ್ನೊಂದರಿಂದ ಉದ್ದನೆಯ ನವಿರಾದ ಎಳೆ. ಆಮೇಲೆ ಬಂದ ಡಿಸಿಎಚ್-32, ಅಂದರೆ 'ಜಯಲಕ್ಷ್ಮಿ'ಯನ್ನು ಈ ಭಾಗದ ಹಿರಿಯ ರೈತರು ಇನ್ನೂ ನೆನೆಯುತ್ತಾರೆ. ಈ ಪ್ರಯೋಗದ ಉಪಕರಣ ಯಾವುದು? ಹೆಬ್ಬೆರಳಿನ ಉಗುರು. ಸಂಜೆ, ಮರುದಿನ ಅರಳುವ ಮೊಗ್ಗನ್ನು ಆರಿಸಿ, ಎಸಳಿನ ಸಮೇತ ಗಂಡುಭಾಗವನ್ನು ಉಗುರಿನಿಂದ ಸುತ್ತ ಸೀಳಿ ತೆಗೆದು, ಹೆಣ್ಣುಭಾಗಕ್ಕೆ ಕಾಗದ ಮುಚ್ಚಬೇಕು. ಬೆಳಗ್ಗೆ ಬೇರೆ ಗಿಡದ ಹೂ ತಂದು ಪರಾಗ ತಾಗಿಸಬೇಕು. ಒಂದು ಕೂದಲೆಳೆಯಷ್ಟು ಹೆಚ್ಚು ಒತ್ತಿದರೆ ಕಾಯಿ ಕಟ್ಟುವುದಿಲ್ಲ. ಮುಂದೆ ಬೀಜೋತ್ಪಾದನೆಯ ಹೊಲಗಳಲ್ಲಿ ಈ ಕೆಲಸವನ್ನು ಹೊತ್ತವರು ಕೂಲಿಗೆ ಹೋಗುವ ಹೆಣ್ಣುಮಕ್ಕಳು. ತಳಿಯ ಕೀರ್ತಿಯಲ್ಲಿ ಅವರ ಪಾಲನ್ನು ಯಾರೂ ಅಳೆದಿಲ್ಲ.

ಹೊಲ ಪ್ರಯೋಗಾಲಯವಾಗಲು ಒಂದು ಷರತ್ತಿದೆ: ಹೊಸದರ ಪಕ್ಕದಲ್ಲಿ ಹಳೆಯದೂ ಇರಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಗೋಧಿ ಬೆಳೆಯುತ್ತಿರುವ ಒಂದು ಹೊಲವಿದೆ. ಅದರ ಒಂದು ಪಟ್ಟಿಗೆ ಅಂದಿನಿಂದ ಗೊಬ್ಬರವನ್ನೇ ಕೊಟ್ಟಿಲ್ಲ. ಬೇಕೆಂದೇ ಬಡವಾಗಿಸಿದ ಆ ಪಟ್ಟಿ ಇಲ್ಲದಿದ್ದರೆ ಉಳಿದ ಪಟ್ಟಿಗಳ ಸಿರಿ ಎಷ್ಟೆಂದು ತಿಳಿಯುತ್ತಿರಲಿಲ್ಲ. ಗದಗ ತಾಲ್ಲೂಕಿನ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ರೈತರ ಹೊಲದಲ್ಲೇ ಪ್ರಯೋಗ ಇಡುವಾಗಲೂ ನಿಯಮ ಇದೇ: ಒಂದು ಭಾಗ ಹೊಸ ಪದ್ಧತಿಗೆ, ಒಂದು ಭಾಗ ರೈತನ ರೂಢಿಗೆ. ಕಡಲೆಗೆ ಹೊಸ ಔಷಧ ಹೊಡೆದು ಇಡೀ ಹೊಲ ಚೆನ್ನಾಗಿ ಬಂತು ಅನ್ನುವವನ ಮಾತು ಸುಳ್ಳಲ್ಲ, ಆದರೆ ಅದು ಪ್ರಯೋಗವಲ್ಲ. ಆ ವರ್ಷ ಮಳೆಯೇ ಒಳ್ಳೆಯದಾಗಿದ್ದೀತು.

ಕರ್ನಾಟಕದ ಅತಿ ವಿಚಿತ್ರ ಪ್ರಯೋಗಾಲಯ ಇದ್ದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಆಕಾಶದಿಂದ ಬರುವ ಕಣಗಳನ್ನು ಹಿಡಿಯಲು ಜನ ಬೆಟ್ಟ ಹತ್ತುತ್ತಿದ್ದರೆ, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅವರ ಸಂಗಡಿಗರು ಗಣಿಗೆ ಇಳಿದರು. ಆಳಕ್ಕೆ ಹೋದಷ್ಟೂ ಬಂಡೆ ಕಣಗಳನ್ನು ಸೋಸುತ್ತದೆ. 1960ರ ಸುಮಾರಿಗೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಎರಡು ತಿಂಗಳು ಯಂತ್ರ ಇಟ್ಟರೂ ಒಂದೇ ಒಂದು ಮ್ಯೂಯಾನ್ ಕಣ ದಾಖಲಾಗಲಿಲ್ಲ. ಬೇರೆಯವರಾಗಿದ್ದರೆ ಕೈ ಚೆಲ್ಲುತ್ತಿದ್ದರು. ಇವರು ಖಾಲಿ ಬಂದದ್ದನ್ನೇ ಶಕುನವೆಂದು ಹಿಡಿದರು: ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಇನ್ನು ಏನಾದರೂ ಸದ್ದಾದರೆ ಅದು ಬಂಡೆಯನ್ನೂ ಲೆಕ್ಕಿಸದೆ ತೂರಿ ಬರುವ ನ್ಯೂಟ್ರಿನೊದ್ದೇ ಇರಬೇಕು. 1965ರಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮಿನವರ ಜೊತೆಗೂಡಿ ವಾತಾವರಣದ ನ್ಯೂಟ್ರಿನೊದ ಗುರುತನ್ನು ಲೋಕಕ್ಕೆ ಮೊದಲು ತೋರಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಕಂಡಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಪ್ರಯೋಗಗಳು ಅದಕ್ಕೂ ಮೊದಲೇ ನಿಂತಿದ್ದವು.

ಪೀಣ್ಯದ ಶೆಡ್ಡುಗಳ ಕತೆ ಎಲ್ಲರಿಗೂ ಗೊತ್ತು, ಆದ್ದರಿಂದ ಚುಟುಕಾಗಿ: ಉಡುಪಿ ಕಡೆಯ ಯು.ಆರ್. ರಾವ್ ಮುಂದಾಳತ್ವದಲ್ಲಿ ಬೆಂಗಳೂರಿನ ಕೈಗಾರಿಕಾ ಶೆಡ್ಡುಗಳಲ್ಲಿ ತಯಾರಾದ 360 ಕಿಲೋ ತೂಕದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಪ್ರಯೋಗಾಲಯದಿಂದ ಕಾರ್ಖಾನೆಗೆ ನಡೆದ ದಾರಿಗೆ ಹಳೆಯ ಉದಾಹರಣೆ ಗಂಧದೆಣ್ಣೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಮಾರುಕಟ್ಟೆ ಮುಚ್ಚಿ ಮೈಸೂರಿನ ಶ್ರೀಗಂಧ ರಾಶಿ ಬಿದ್ದಾಗ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಎದ್ದಿತು.

ಪ್ರಯೋಗಾಲಯಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಆಸುಪಾಸಿನ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಅದೇ ವರ್ಷ ವೈರಸ್ಸನ್ನು ಬೇರ್ಪಡಿಸಿತು. ಉಣ್ಣೆಯಿಂದ ಹರಡುತ್ತದೆ ಎಂಬುದೂ ಬಯಲಾಯಿತು. ಆದರೆ ಆ ವೈರಸ್ಸಿನ ಜೊತೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಗೇ ಕಾಯಿಲೆ ತಗಲಿತು. ಗಾಳಿ ಹೊರಹೋಗದ ಕೋಣೆ, ಎರಡು ಬಾಗಿಲು, ಮೈತುಂಬ ಉಡುಪು ಎಂಬ ಇಂದಿನ ನಿಯಮಗಳ ಹಿಂದೆ ಇಂಥ ಮನುಷ್ಯರ ಜ್ವರಗಳಿವೆ.

ಶಾಲೆಯ ಪ್ರಯೋಗಾಲಯದ ಬಗ್ಗೆ ಕಟುವಾಗಿ ಮಾತಾಡುವುದು ಸುಲಭ, ಬೀಗ ಹಾಕಿದ ಕಪಾಟುಗಳನ್ನು ಎಲ್ಲರೂ ನೋಡಿದ್ದಾರೆ. ನಿಜವಾದ ತೊಂದರೆ ಬೀಗವಲ್ಲ, ಉತ್ತರ ಮೊದಲೇ ಗೊತ್ತಿರುವುದು. ವಿದ್ಯಾರ್ಥಿಗಳನ್ನು ಸಾಲಾಗಿ ಪ್ರಯೋಗಾಲಯದಲ್ಲಿ ಕೂರಿಸಿ ಕಲಿಸುವ ಪದ್ಧತಿಗೆ ಹೆಸರಾದದ್ದು 1820ರ ದಶಕದಲ್ಲಿ ಜರ್ಮನಿಯ ಗೀಸೆನ್‌ನಲ್ಲಿ ಲೀಬಿಗ್ ನಡೆಸಿದ ಶಾಲೆ. ಅಲ್ಲಿ ಹುಡುಗರನ್ನು ಬೇಗನೆ ಯಾರಿಗೂ ಉತ್ತರ ಗೊತ್ತಿಲ್ಲದ ಕೆಲಸಕ್ಕೆ ಹಚ್ಚುತ್ತಿದ್ದರು. ನಮ್ಮಲ್ಲಿ ಹಿರಿಯ ತರಗತಿಯ ಜರ್ನಲ್ಲಿನಿಂದ ಅಂಕಿ ಇಳಿಸಿಕೊಂಡು 'ವೀಕ್ಷಣೆ' ಎಂದು ಬರೆಯುವುದು ರೂಢಿ. ಹಳ್ಳಿಯ ಪ್ರೌಢಶಾಲೆಗೆ ದುಬಾರಿ ಸಾಮಾನೇ ಬೇಕಿಲ್ಲ. ಪ್ರತಿ ಹುಡುಗಿ, ಹುಡುಗ ತಮ್ಮ ಹೊಲದ ಒಂದು ಹಿಡಿ ಮಣ್ಣು ತರಲಿ, ಮೇಷ್ಟರು ಅದರ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಡಲಿ. ಸುಣ್ಣವಿರುವ ಎರೆಮಣ್ಣು ಬುರುಬುರು ನೊರೆ ಕಾರುತ್ತದೆ, ಮಸಾರಿ ಮಣ್ಣು ಬಹುಮಟ್ಟಿಗೆ ಸುಮ್ಮನಿರುತ್ತದೆ. ಯಾವ ಹೊಲ ಎಷ್ಟು ನೊರೆ ಕೊಟ್ಟಿತು ಎಂದು ಊರಿನ ನಕಾಶೆಯ ಮೇಲೆ ಗುರುತು ಹಾಕಿದರೆ, ಆ ಉತ್ತರ ಯಾವ ಪಠ್ಯಪುಸ್ತಕದಲ್ಲೂ ಇರುವುದಿಲ್ಲ.

ಕೊನೆಗೆ ರೈತರು ಕೇಳುವ ಒಂದು ಪ್ರಶ್ನೆ: ಒಂದೇ ಹೊಲದ ಮಣ್ಣಿಗೆ ಎರಡು ಕಡೆ ಎರಡು ರಿಪೋರ್ಟು ಬಂದರೆ ಯಾರನ್ನು ನಂಬುವುದು? ಪ್ರಯೋಗಾಲಯಗಳೂ ತಮ್ಮನ್ನು ತಾವು ಹೀಗೆಯೇ ಪರೀಕ್ಷಿಸಿಕೊಳ್ಳುತ್ತವೆ. ಒಂದೇ ಮಣ್ಣನ್ನು ಪುಡಿಮಾಡಿ ಹಂಚಿ, ಹಲವು ಕಡೆಗೆ ಕಳುಹಿಸಿ, ಬಂದ ಅಂಕಿಗಳನ್ನು ತಾಳೆ ನೋಡುವುದು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಗಳಿಗೆ ನಿಯಮ. ಒಂದು ಊರಿನವರು ಸೇರಿದರೆ ಇಂಥದ್ದೇ ಒಂದು ಪರೀಕ್ಷೆಯನ್ನು ತಾವೇ ಮಾಡಬಹುದು. ಕಡಲೆ ಕಿತ್ತ ಮೇಲೆ, ಮುಂಗಾರಿ ಗೊಬ್ಬರ ಬೀಳುವ ಮೊದಲು, ಬೇಸಿಗೆಯಲ್ಲಿ ಮಣ್ಣು ತೆಗೆದು ನೆರಳಲ್ಲಿ ಒಣಗಿಸಿ, ಚೆನ್ನಾಗಿ ಕಲಸಿದ ಒಂದೇ ಮಣ್ಣನ್ನು ಎರಡು ಚೀಲಕ್ಕೆ ತುಂಬಿ, ಇನ್ನೊಂದು ಅರ್ಧ ಕಿಲೋ ಮನೆಯಲ್ಲಿ ಉಳಿಸಿಕೊಂಡು, ಎರಡಕ್ಕೂ ಬೇರೆ ಬೇರೆ ಗುರುತು ಬರೆದು ಒಂದೇ ಲ್ಯಾಬಿಗೆ ಕೊಡುವುದು. ಅಂಕಿ ಅಲ್ಪಸ್ವಲ್ಪ ಹಿಂದುಮುಂದಾದರೆ ಸಹಜ. ಒಂದರಲ್ಲಿ ಸತು 0.4, ಇನ್ನೊಂದರಲ್ಲಿ 1.2 ಎಂದು ಬಂದರೆ ಎರಡೂ ಚೀಟಿ ಹಿಡಿದು ವಾಪಸು ಹೋಗಿ ಕೇಳುವ ಹಕ್ಕು ರೈತನಿಗಿದೆ. ಹೋಗುವಾಗ ಉಳಿದ ಅರ್ಧ ಕಿಲೋ ಮಣ್ಣನ್ನೂ ಜೊತೆಗೆ ಒಯ್ಯಬೇಕು, ಮರುಪರೀಕ್ಷೆಗೆ ಅದೇ ಬೇಕಾಗುತ್ತದೆ.